ಕಾರ್ಗಿಲ್ ಯುದ್ಧಭೂಮಿಯಿಂದ ಮನೆಗೆ ಬಂದ ಕಾಗದಗಳು

ನಮ್ಮ ನ್ಯಾಮತಿ, ಹೊನ್ನಾಳಿ ಸೀಮೆಯಲ್ಲಿ ಮಗನನ್ನು ಸೇನೆಗೆ ಕಳಿಸಿದ ಮನೆಯವರಿಗೆ ‘56 ಎ.ಪಿ.ಓ.’ ಎಂಬ ಸೇನಾ ಅಂಚೆ ವಿಳಾಸ ಬಾಯಿಪಾಠ. ಮಗ ದ್ರಾಸ್‌ನ ಹಿಮದಲ್ಲಿರಲಿ, ಜೈಸಲ್ಮೇರ್‌ನ ಮರಳಿನಲ್ಲಿರಲಿ, ವಿಳಾಸ ಅದೇ. ಎಲ್ಲಿದ್ದೇನೆ, ನಾಳೆ ಎತ್ತ ಹೊರಡುತ್ತೇನೆ ಎಂದು ಅವನು ಬರೆಯುವಂತಿಲ್ಲ. ಹಾಗಾದರೆ ಯುದ್ಧಭೂಮಿಯಿಂದ ಅವನು ಬರೆಯುವುದಾದರೂ ಏನನ್ನು? 1999ರ ಕಾರ್ಗಿಲ್ ಯುದ್ಧದ ಒಂದು ಪಡೆಯನ್ನಷ್ಟೇ ತೆಗೆದುಕೊಂಡು ನೋಡೋಣ.

ಅದು 2ನೇ ರಜಪೂತಾನಾ ರೈಫಲ್ಸ್. ಅದನ್ನು ಮುನ್ನಡೆಸಿದವರು ಕನ್ನಡಿಗ ಎಂ.ಬಿ. ರವೀಂದ್ರನಾಥ್, ವೀರಚಕ್ರ ಪಡೆದವರು. ಜೂನ್ 12ರ ರಾತ್ರಿ ಈ ಪಡೆ ತೋಲೋಲಿಂಗ್ ಶಿಖರ ಏರಿತು. ಜೊತೆಯಲ್ಲಿ ಹತ್ತಿದವರು ಫಿರಂಗಿದಳದ ಯುವ ಅಧಿಕಾರಿ ಕ್ಯಾಪ್ಟನ್ ಮೃದುಲ್ ಕುಮಾರ್ ಸಿಂಗ್. ಫಿರಂಗಿಗಳಿರುವುದು ಎಷ್ಟೋ ಕಿಲೋಮೀಟರ್ ಹಿಂದೆ. ಅವುಗಳ ಕಣ್ಣಾಗಿ ಕಾಲಾಳುಗಳ ಜೊತೆ ನಡೆದು, ಶೆಲ್ ಎಲ್ಲಿ ಬಿತ್ತೆಂದು ನೋಡಿ, ಇನ್ನಷ್ಟು ಎಡಕ್ಕೆ, ಇನ್ನಷ್ಟು ಮುಂದಕ್ಕೆ ಎಂದು ವೈರ್‌ಲೆಸ್‌ನಲ್ಲಿ ತಿದ್ದುವುದು ಇಂಥ ಅಧಿಕಾರಿಯ ಕೆಲಸ. ಲೆಕ್ಕ ತಪ್ಪಿದರೆ ಶೆಲ್ ನಮ್ಮವರ ಮೇಲೇ ಬೀಳುತ್ತದೆ. ಈ ಪಡೆಯ ಮೇಜರ್ ವಿವೇಕ್ ಗುಪ್ತ ಹುತಾತ್ಮರಾದಾಗ, ಉಳಿದ ಸೈನಿಕರನ್ನು ಒಗ್ಗೂಡಿಸಿ ಪ್ರತಿದಾಳಿಗೆ ಎದೆಗೊಟ್ಟು ನಿಂತವರೂ ಮೃದುಲ್ ಅವರೇ. ಆ ಯುದ್ಧದಲ್ಲಿ ನಮ್ಮ ಫಿರಂಗಿದಳ ಹಾರಿಸಿದ ಶೆಲ್, ರಾಕೆಟ್‌ಗಳು ಸುಮಾರು 2.5 ಲಕ್ಷ.

ಆ ಗುಡುಗಿನ ನಡುವೆಯೇ ಇದೇ ಪಡೆಯ ಮೇಜರ್ ಪದ್ಮಪಾಣಿ ಆಚಾರ್ಯ ಜೂನ್ 19ರಂದು ತಂದೆಗೆ ಕಾಗದ ಬರೆದರು. ಹೆಂಡತಿ ಬಸುರಿ. ಅವಳಿಗೆ ದಿನಕ್ಕೊಂದು ಮಹಾಭಾರತದ ಕಥೆ ಹೇಳಿ, ಹುಟ್ಟುವ ಮಗುವಿಗೆ ಒಳ್ಳೆಯ ಸಂಸ್ಕಾರ ಬರಲಿ ಎಂದು ಕೇಳಿಕೊಂಡರು. ತಾಯಿಯ ಗರ್ಭದಲ್ಲೇ ಚಕ್ರವ್ಯೂಹದ ಕಥೆ ಕೇಳಿದ ಅಭಿಮನ್ಯುವನ್ನು ಬಲ್ಲ ನಮಗೆ ಆ ತಂದೆಯ ಆಸೆ ತಟ್ಟನೆ ಅರ್ಥವಾಗುತ್ತದೆ. ಜೂನ್ 28ರಂದು ಇನ್ನೊಂದು ಕಾಳಗದಲ್ಲಿ ಅವರು ವೀರಮರಣ ಅಪ್ಪಿದರು. ಮಗಳು ಹುಟ್ಟಿದ್ದು ಆಮೇಲೆ.

ಅದೇ ಕಾಳಗದಲ್ಲಿ ಕ್ಯಾಪ್ಟನ್ ವಿಜಯಂತ್ ಥಾಪರ್ ಕೂಡ ಪ್ರಾಣ ಕೊಟ್ಟರು. ವಯಸ್ಸು 22. ಅವರ ಕೊನೆಯ ಕಾಗದದಲ್ಲಿ ಅನಾಥಾಶ್ರಮಕ್ಕೆ ಸ್ವಲ್ಪ ಹಣ ಕೊಡಿ, ಕಾಶ್ಮೀರದ ಪುಟ್ಟ ಹುಡುಗಿಯೊಬ್ಬಳಿಗೆ ತಿಂಗಳಿಗೆ 50 ರೂಪಾಯಿ ಕೊಡುತ್ತಿರಿ ಎಂಬ ಕೋರಿಕೆಗಳಿವೆ.

ನಾಳೆ ಇರುತ್ತೇವೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ ಇವರು ತಮಗಾಗಿ ಏನನ್ನೂ ಕೇಳಲಿಲ್ಲ. ತಾವು ಹೊತ್ತ ಹೊಣೆಯನ್ನು ಹೆತ್ತವರ ಕೈಗೆ ಒಪ್ಪಿಸಿದರು. ಗೆದ್ದ ಶಿಖರ, ಸಿಕ್ಕ ಪದಕ ಸೇನೆಯ ದಾಖಲೆಗಳಲ್ಲಿ ಉಳಿಯುತ್ತವೆ. ಇವರ ಮನಸ್ಸು ಯಾರಿಗಾಗಿ ಮಿಡಿಯುತ್ತಿತ್ತು ಎಂಬುದು ಕಾಗದದಲ್ಲಿ ಮಾತ್ರ ಉಳಿಯುತ್ತದೆ.

ಈಗ ಮೊಬೈಲ್ ಕಾಲ, ಕಾಗದ ಬರೆಯುವವರೇ ಕಡಿಮೆ. ಆದ್ದರಿಂದ ನನ್ನದೊಂದು ವಿನಂತಿ. ನಿಮ್ಮ ಮನೆಯ ಟ್ರಂಕಿನಲ್ಲಿ ಸೇನೆಯಿಂದ ಬಂದ ಹಳೆಯ ಇನ್‌ಲ್ಯಾಂಡ್ ಪತ್ರಗಳಿದ್ದರೆ ಗೆದ್ದಲಿಗೆ ಬಿಡಬೇಡಿ. ಬರೆದವರು ಯಾರು, ಯಾವ ವರ್ಷ, ಯಾರಿಗೆ ಎಂಬುದನ್ನು ಹಿರಿಯರಿಂದ ಕೇಳಿ ಗುರುತು ಹಾಕಿಡಿ, ಮಕ್ಕಳಿಂದ ಓದಿಸಿ. ದೇಶ ಕಾದವರ ಋಣ ತೀರಿಸಲು ನಮ್ಮ ಕೈಲಾಗುವ ಮೊದಲ ಕೆಲಸ ಇದು.