ಕರುಳಿನ ಗಾಯ ಮತ್ತು ಕಲೆ
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಉರ್ದು, ಕನ್ನಡ ಕಲಿಸುವವನು, ವೈದ್ಯನಲ್ಲ. ಈ ವಿಷಯ ಓದುವಂತೆ ಮಾಡಿದವನು ದೊಡ್ಡಬಳ್ಳಾಪುರದ ನನ್ನ ಒಬ್ಬ ವಿದ್ಯಾರ್ಥಿ. ಊಟವಾದ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಮಲಗಿಬಿಡುತ್ತಿದ್ದ. ಮೊದಲು ಕರುಳಿನ ಕ್ಷಯವೆಂದು ಮಾತ್ರೆ ಕೊಟ್ಟರು. ತಿಂಗಳುಗಳ ನಂತರ ಬೆಂಗಳೂರಿನಲ್ಲಿ ಕ್ರೋನ್ಸ್ ಕಾಯಿಲೆ ಎಂದು ತಿಳಿಯಿತು.

ಇದು ವೈದ್ಯರ ಅಜ್ಞಾನವಲ್ಲ. ಎರಡೂ ಕಾಯಿಲೆಗಳಲ್ಲಿ ಹುಣ್ಣು, ಜ್ವರ, ತೂಕ ಇಳಿಯುವುದು, ಕರುಳು ಕಿರಿದಾಗುವುದು ಒಂದೇ ತೆರನಾಗಿರುತ್ತವೆ. ಕ್ಷಯ ಹೆಚ್ಚಿರುವ ನಮ್ಮ ದೇಶದಲ್ಲಿ ಅನುಮಾನವಿದ್ದರೆ ಮೊದಲು ಅದರ ಔಷಧ ಕೊಟ್ಟು ನೋಡುವುದುಂಟು. ಏಕೆಂದರೆ ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್, ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್ ಮುಂತಾದವು ದೇಹದ ಪ್ರತಿರೋಧ ತಗ್ಗಿಸುತ್ತವೆ. ಒಳಗೆ ಅಡಗಿರುವ ಕ್ಷಯ ಕೆರಳಬಹುದು.

ಇನ್ನು ಈ ಔಷಧಗಳಲ್ಲಿ ಯಾವುದು ಮೇಲು? ಕೈ ಸುಟ್ಟರೆ ಮುಲಾಮು ಉರಿ ಕಳೆಯುತ್ತದೆ, ಕಲೆ ಉಳಿಯುತ್ತದೆ. ಕರುಳಲ್ಲೂ ಹಾಗೆಯೇ. ಸ್ಟೀರಾಯ್ಡ್ ಊತವನ್ನು ಬೇಗ ಇಳಿಸುತ್ತದೆ, ಕಲೆಯನ್ನು ಕರಗಿಸುವುದಿಲ್ಲ. ಬಹುಕಾಲ ನುಂಗಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ. ಹಳೆಯ ಚೀಟಿ ತೋರಿಸಿ ಅಂಗಡಿಯಲ್ಲಿ ಮತ್ತೆ ಮತ್ತೆ ತರುವವರು ಇದನ್ನು ಗಮನಿಸಬೇಕು. ಅಜಥಯೊಪ್ರಿನ್ ಕೆಲಸ ಮಾಡಲು ತಿಂಗಳುಗಳೇ ಬೇಕು, ನಡುನಡುವೆ ರಕ್ತಪರೀಕ್ಷೆಯೂ ಬೇಕು.

ಅಡಾಲಿಮುಮಾಬ್ ಚುಚ್ಚುಮದ್ದಿನಿಂದ ಹೆಚ್ಚು ಭರವಸೆ ಬಂದಿದೆ. ಕರುಳು ಕಿರಿದಾದ 97 ಮಂದಿಗೆ ಫ್ರಾನ್ಸಿನಲ್ಲಿ ಇದನ್ನು ಕೊಟ್ಟಾಗ 24 ವಾರಗಳಲ್ಲಿ ಸುಮಾರು ಶೇ. 64ರಷ್ಟು ಮಂದಿಗೆ ಫಲ ಸಿಕ್ಕಿತೆಂದು 2018ರಲ್ಲಿ ಪ್ರಕಟವಾಯಿತು. 2022ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ 77 ರೋಗಿಗಳಿದ್ದರು. ಹೆಚ್ಚಿನ ಪ್ರಮಾಣದ ಅಡಾಲಿಮುಮಾಬ್ ಜೊತೆಗೆ ಅಜಥಯೊಪ್ರಿನ್ ಗುಂಪಿನ ಔಷಧ ಪಡೆದವರಲ್ಲಿ ಶೇ. 79, ಸಾಮಾನ್ಯ ಪ್ರಮಾಣ ಪಡೆದವರಲ್ಲಿ ಶೇ. 64 ಮಂದಿಗೆ ಒಂದು ವರ್ಷದಲ್ಲಿ ತೊಂದರೆ ಕಡಿಮೆಯಾಯಿತು. ಅಂತರ ದೊಡ್ಡದಾಗಿ ಕಂಡರೂ ರೋಗಿಗಳು ಕಡಿಮೆ. ಆಕಸ್ಮಿಕವೂ ಇರಬಹುದಾದಷ್ಟೇ ಅಂತರವದು. ಕಲೆಯನ್ನೇ ಕರಗಿಸುವ ಔಷಧ ಇನ್ನೂ ಬಳಕೆಗೆ ಬಂದಿಲ್ಲ.

ಕಲೆಯೇ ಗಟ್ಟಿಯಾಗಿ ದಾರಿ ಮುಚ್ಚಿದರೆ ಬಲೂನಿನಿಂದ ಹಿಗ್ಗಿಸಬೇಕು, ಇಲ್ಲವೇ ಶಸ್ತ್ರಚಿಕಿತ್ಸೆ. ಕರುಳನ್ನು ಕತ್ತರಿಸಿ ತೆಗೆಯದೆ ಅಗಲಗೊಳಿಸುವ ವಿಧಾನವನ್ನು ಕ್ಷಯದ ರೋಗಿಗಳಲ್ಲಿ ಮಾಡಿ 1977ರಲ್ಲಿ ವರದಿ ಮಾಡಿದವರು ಭಾರತದ ಕಟಾರಿಯಾ ಮತ್ತು ಸಂಗಡಿಗರು. ಕ್ರೋನ್ಸ್‌ಗೆ ಅದು ಬಂದದ್ದು ಆಮೇಲೆ.

ನಮ್ಮ ಹುಡುಗನಿಗೆ ಈಗ ಚುಚ್ಚುಮದ್ದು ನಡೆಯುತ್ತಿದೆ. ಕಳೆದ ರಮಜಾನಿನಲ್ಲಿ ರೋಜಾ ಬಿಡಲು ಅವನ ದಾದಿಮಾ ಒಪ್ಪಿರಲಿಲ್ಲ. ರೋಗಿಗೆ ರಿಯಾಯಿತಿ ಇದೆಯೆಂದು ಇಮಾಮ್ ಸಾಹೇಬರು ಮನೆಗೇ ಬಂದು ತಿಳಿಸಿದ ಮೇಲೆ ಆ ತಾಯಿ ತಾವೇ ಅವನಿಗೆ ಗಂಜಿ ಕಾಯಿಸಿ ಕೊಟ್ಟರು.