ಹತ್ತು ವರ್ಷದ ವಾಗ್ದಾನ



ಹೆಣ್ಣುಮಕ್ಕಳ ಏಳಿಗೆಗೆ ದುಡಿಯುವ ಸಂಸ್ಥೆಗಳಿಗೂ ಅವುಗಳನ್ನು ಕಟ್ಟಿ ನಿಲ್ಲಿಸಿದ ಮಹಿಳೆಯರಿಗೂ ಸಮಾಜ ಹೇಗೆ ಬೆಂಬಲವಾಗಿ ನಿಲ್ಲಬೇಕು ಎಂಬುದು ಈ ಸಲದ ದತ್ತಿ ಉಪನ್ಯಾಸದ ವಿಷಯ. ಆ ಮಹಿಳೆಯರ ತ್ಯಾಗವನ್ನು ಹೊಗಳುವ ಭಾಷಣಗಳು ಬೇಕಾದಷ್ಟು ಆಗಿವೆ. ನಾನು ಕೊಡುವವರ ಬಗ್ಗೆ, ಅಂದರೆ ನಮ್ಮ ಬಗ್ಗೆಯೇ ಮಾತಾಡಬೇಕೆಂದು ಬಂದಿದ್ದೇನೆ. ಐದನೇ ತರಗತಿಯ ಹುಡುಗಿ ಪಿಯುಸಿ ಮುಗಿಸಿ ಹದಿನೆಂಟು ದಾಟಲು ಎಂಟು ವರ್ಷ ಬೇಕು. ಅವಳಿಗೆಂದು ನಾವು ಕೊಡುವ ಹಣ ಅಷ್ಟು ವರ್ಷ ಜೊತೆಗಿರುತ್ತದೆಯೇ?

ಈ ಪ್ರಶ್ನೆಯನ್ನು ನೂರಮೂವತ್ತಕ್ಕೂ ಹೆಚ್ಚು ವರ್ಷದ ಹಿಂದೆಯೇ ಎದುರಿಸಿದ ಒಬ್ಬ ಹೆಣ್ಣುಮಗಳಿದ್ದಾಳೆ. ಅವಳು ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಕಾರ್ಕಳ ಸೀಮೆಯ ಮಾಳದ ಕಡೆಯ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದರು. ಅದಕ್ಕಾಗಿ ಪಂಡಿತರ ವಿರೋಧ ಕಟ್ಟಿಕೊಂಡು ಕಾಡು ಸೇರಿ ಆಶ್ರಮ ಮಾಡಿಕೊಂಡರು. ಆ ತಾಯಿಯ ಬಾಯಿಂದ ಸಂಸ್ಕೃತ ಕಲಿತ ಮಗಳೇ ಪಂಡಿತಾ ರಮಾಬಾಯಿ. 1870ರ ದಶಕದ ಬರಗಾಲದಲ್ಲಿ ತಂದೆತಾಯಿ ಹಸಿವಿನಿಂದ ತೀರಿಕೊಂಡರು. ಅಣ್ಣನ ಜೊತೆ ದೇಶವೆಲ್ಲ ನಡೆದು ಕಲ್ಕತ್ತೆ ಮುಟ್ಟಿದಾಗ ಅಲ್ಲಿನ ವಿದ್ವಾಂಸರು 1878ರಲ್ಲಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡನೂ ಹೋದ. ಕೈಯಲ್ಲಿ ಉಳಿದದ್ದು ಪುಟ್ಟ ಮಗಳು ಮನೋರಮಾ.

ಅವರ ಜೀವನದಲ್ಲಿ ನನಗೆ ಇಂದು ಮುಖ್ಯವಾಗಿ ಕಾಣುವುದು ಹಣಕಾಸಿನ ಅಧ್ಯಾಯ. ಜೀವನಚರಿತ್ರೆಕಾರರು ಇದನ್ನು ಬೇಗ ದಾಟಿಬಿಡುತ್ತಾರೆ. 1886ರಲ್ಲಿ, ನೆಂಟಳಾದ ಆನಂದೀಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ವೈದ್ಯಪದವಿ ಪಡೆಯುವುದನ್ನು ನೋಡಲು ರಮಾಬಾಯಿ ಅಮೆರಿಕಕ್ಕೆ ಹೋದರು. ಹೋದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದು ಊರೂರು ಅಲೆದು ಭಾಷಣ ಮಾಡಿದರು. ಬಾಲವಿಧವೆಯರಿಗೆ ಒಂದು ವಸತಿಶಾಲೆ ಮಾಡುತ್ತೇನೆ, ಸಹಾಯ ಮಾಡಿ ಎಂದು ಕೇಳಿದರು. 1887ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು. ಅದರ ಕೆಳಗೆ ಊರೂರಿನಲ್ಲಿ 'ರಮಾಬಾಯಿ ಸರ್ಕಲ್' ಎಂಬ ಸಣ್ಣಸಣ್ಣ ಗುಂಪುಗಳು. ಸದಸ್ಯರಾಗುವವರು ವರ್ಷಕ್ಕೆ ಕನಿಷ್ಠ ಒಂದು ಡಾಲರನ್ನು ಹತ್ತು ವರ್ಷ ತಪ್ಪದೆ ಕೊಡುತ್ತೇವೆಂದು ಮಾತು ಕೊಡಬೇಕಿತ್ತು.

ಒಂದು ಡಾಲರು ದೊಡ್ಡ ಮೊತ್ತವಲ್ಲ. ಅದಕ್ಕೆ ಬೆಲೆ ಬಂದದ್ದು ಹತ್ತು ವರ್ಷ ಎಂಬ ಮಾತಿನಿಂದ. ಹನ್ನೆರಡು ವರ್ಷದ ವಿಧವೆಯನ್ನು ಒಳಗೆ ಸೇರಿಸಿಕೊಳ್ಳುವಾಗ, ಅವಳಿಗೆ ಇಪ್ಪತ್ತೆರಡಾಗುವವರೆಗೆ ಊಟಕ್ಕೆ ದಾರಿ ಇದೆ ಎಂಬ ಧೈರ್ಯ ನಡೆಸುವವಳಿಗೆ ಇತ್ತು. ತವರೂ ಬೇಡವೆಂದ, ಅತ್ತೆಮನೆಯೂ ಹೊರಗೆ ಹಾಕಿದ ಹುಡುಗಿಯನ್ನು ಎರಡು ವರ್ಷ ಓದಿಸಿ, ಅನುದಾನ ಮುಗಿಯಿತು ಎಂದು ಬಾಗಿಲು ತೋರಿಸಿದರೆ ಅವಳು ಹೋಗುವುದಾದರೂ ಎಲ್ಲಿಗೆ?

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ತೆರೆಯಿತು. ಅಲ್ಲಿಗೆ ಬಂದ ಮೊದಲ ವಿಧವೆ ಗೋದೂಬಾಯಿ. 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಮದುವೆಯಾಗಿದ್ದು ಇವರನ್ನೇ. ಕರ್ವೆ 1896ರಲ್ಲಿ ವಿಧವೆಯರ ಆಶ್ರಮವನ್ನೂ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಕಟ್ಟಿದರು. ಬಾಸ್ಟನ್ನಿನ ಆ ಡಾಲರುಗಳ ಫಲ ಎಲ್ಲೆಲ್ಲಿಗೆ ಹೋಗಿ ಮುಟ್ಟಿತು ನೋಡಿ. ಮೊದಲ ವರ್ಷದ ವರದಿಯಲ್ಲಿ ಇದನ್ನು ಯಾವ ಅಂಕಣದಲ್ಲಿ ಬರೆಯಲು ಸಾಧ್ಯವಿತ್ತು?

ಕಷ್ಟದ ಕಾಲವೂ ಬಂತು. ಸದನ ಪುಣೆಗೆ ಬಂದ ಮೇಲೆ, ಹುಡುಗಿಯರು ಕ್ರೈಸ್ತಧರ್ಮದತ್ತ ವಾಲುತ್ತಿದ್ದಾರೆ ಎಂಬ ಗಲಾಟೆ ಎದ್ದಿತು. ರಮಾಬಾಯಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾಗಿದ್ದವರು, ಸದನವಾದರೋ ಯಾವ ಮತದ ಪ್ರಚಾರವನ್ನೂ ಮಾಡದೆ ನಡೆಯಬೇಕೆಂಬ ಒಪ್ಪಂದವಿತ್ತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಸಲಹಾ ಮಂಡಳಿಯ ಹಿರಿಯರು ಹೊರನಡೆದರು. ಪೋಷಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಯಾರದು ಸರಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಪೋಷಕರಿಗೆ ಮಾತು ಕೊಟ್ಟ ಮೇಲೆ ಅದು ಅಕ್ಷರಶಃ ನಡೆಯಬೇಕಿತ್ತು ಎಂಬ ಹಿರಿಯರ ಅಸಮಾಧಾನದಲ್ಲಿ ನ್ಯಾಯವಿತ್ತು ಎಂದೇ ನನ್ನ ಭಾವನೆ. ಬಾಸ್ಟನ್ನಿನವರು ಮಾತ್ರ ಗಲಾಟೆ ಕೇಳಿ ಗಾಬರಿಯಾಗಿ ಹಣ ನಿಲ್ಲಿಸಲಿಲ್ಲ. ಒಳಗಿದ್ದ ಹುಡುಗಿಯರಿಗೆ ಅನ್ನ ತಪ್ಪಲಿಲ್ಲ.

ರಮಾಬಾಯಿಯವರ ದೂರದೃಷ್ಟಿಯನ್ನೂ ಹೇಳಲೇಬೇಕು. ಹತ್ತು ವರ್ಷದ ಆ ವಾಗ್ದಾನ ಒಂದು ದಿನ ಮುಗಿಯುತ್ತದೆಂದು ಅವರಿಗೆ ಗೊತ್ತಿತ್ತು. ಆ ಹೊತ್ತಿಗೆ ಸದನಕ್ಕೆ ಸ್ವಂತ ಆದಾಯ ಇರಲಿ ಎಂದು ಪುಣೆಯಿಂದಾಚೆ ಕೇಡಗಾಂವ್‌ನಲ್ಲಿ ಜಮೀನು ಕೊಂಡು ಹಣ್ಣಿನ ತೋಟ ಎಬ್ಬಿಸಲು ಹೊರಟರು. 1896-97ರ ಬರದಲ್ಲಿ ಮಧ್ಯಪ್ರಾಂತ್ಯದಿಂದ ಮುನ್ನೂರರಷ್ಟು ಹೆಣ್ಣುಮಕ್ಕಳನ್ನು ಕರೆತಂದಾಗ ಅವರಿಗೆ ನೆಲೆಯಾದದ್ದು ಅದೇ ಜಮೀನು. ವಾಗ್ದಾನದ ಅವಧಿ ಮುಗಿದ 1898ರಲ್ಲಿ ರಮಾಬಾಯಿ ಮತ್ತೆ ಅಮೆರಿಕಕ್ಕೆ ಹೋಗಿ ಲೆಕ್ಕ ಒಪ್ಪಿಸಿದರು, ಸಂಘ ಹೊಸದಾಗಿ ರಚನೆಯಾಗಿ ಮುಂದುವರಿಯಿತು. ಕೊನೆಗಾಲದಲ್ಲಿ ತಾಯಿ ಮಗಳ ಕೆಲಸ ನಮ್ಮ ಕಲಬುರಗಿಗೂ ಬಂತು. ಅಲ್ಲಿ ಮನೋರಮಾ ಹೆಣ್ಣುಮಕ್ಕಳ ಶಾಲೆ ನಡೆಸಿದರು.

ಈಗ ನಮ್ಮ ಊರುಗಳ ಕಡೆ ನೋಡೋಣ. ಬಡ ಹುಡುಗರನ್ನು ಓದಿಸುವ ಕೆಲಸವನ್ನು ಕನ್ನಡ ನಾಡು ಕೈಬಿಟ್ಟದ್ದಿಲ್ಲ. ವಾರಾನ್ನ ಉಂಡು ಓದಿ ದೊಡ್ಡವರಾದವರ ಆತ್ಮಕಥೆಗಳು ನಮ್ಮಲ್ಲಿ ಒಂದು ಕಪಾಟಿನಷ್ಟಿವೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಮಲಗಲು ದೇವಸ್ಥಾನದ ಪೌಳಿ. ಮಠಗಳ ಉಚಿತ ಪ್ರಸಾದ ನಿಲಯಗಳು ಬಂದವು. ಬೆಂಗಳೂರಿನ ರೈಲು ನಿಲ್ದಾಣದೆದುರು ಗುಬ್ಬಿ ತೋಟದಪ್ಪನವರ ಛತ್ರ ಇಂದಿಗೂ ಇದೆ. ಇವೆಲ್ಲವೂ ಮೊದಲಿಗೆ ತೆರೆದುಕೊಂಡದ್ದು ಬಹುಪಾಲು ಹುಡುಗರಿಗೆ. ಹುಡುಗಿ ವಾರಾನ್ನಕ್ಕೆ ಹೋಗುವ ಹಾಗಿರಲಿಲ್ಲ, ಪೌಳಿಯಲ್ಲಿ ಮಲಗುವ ಹಾಗಿರಲಿಲ್ಲ. ಅವಳಿಗೆ ಅನ್ನದ ಜೊತೆಗೆ ಬಾಗಿಲು, ಬಾಗಿಲಿಗೆ ಅಗಳಿ, ರಾತ್ರಿ ಎಚ್ಚರವಿರುವ ಒಬ್ಬ ಹೆಂಗಸು ಬೇಕು. ಆ ಹೆಂಗಸಿಗೆ ಸಂಬಳ ಬೇಕು. ಖರ್ಚು ಹೆಚ್ಚಾಗುವುದು ಇಲ್ಲಿಯೇ, ದಾನಿಗಳು ಹಿಂಜರಿಯುವುದೂ ಇಲ್ಲಿಯೇ.

ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಮಹಿಳೆಯರೇ ನಡೆಸುವ ಹಾಸ್ಟೆಲೊಂದರ ಖರ್ಚಿನ ಪುಸ್ತಕವನ್ನು ನಾನು ಸಾವಧಾನವಾಗಿ ಓದಿದ್ದೇನೆ. ಜೋಳ, ತೊಗರಿಬೇಳೆ, ಗ್ಯಾಸ್ ಸಿಲಿಂಡರು, ತಲೆಗೆ ಹಚ್ಚುವ ಎಣ್ಣೆ, ಪ್ಯಾಡು, ಹೇನಿನ ಔಷಧಿ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಇಳಿದಿದೆ. ನಡುವೆ ಒಂದು ಕಡೆ, 'ಹುಡುಗಿಯನ್ನು ಕರೆತರಲು ರಾತ್ರಿ ಜೀಪಿನ ಬಾಡಿಗೆ' ಎಂದಿತ್ತು. ಏನಿದು ಎಂದು ಕೇಳಿದೆ. ಒಂಬತ್ತನೇ ತರಗತಿಯ ಹುಡುಗಿಗೆ ಊರಲ್ಲಿ ಮದುವೆ ಗೊತ್ತು ಮಾಡಿದ್ದರಂತೆ. ಅವಳ ಗೆಳತಿ ಫೋನ್ ಮಾಡಿದ್ದು ರಾತ್ರಿ ಎಂಟಕ್ಕೆ. ವಾರ್ಡನ್ನಮ್ಮ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಫೋನ್ ಮಾಡಿ, ಜೀಪು ಹಿಡಿದು ಊರಿಗೆ ಹೋಗಿ, ಹುಡುಗಿಯ ಅಜ್ಜಿಯ ಪಕ್ಕದಲ್ಲಿ ಕೂತು ಮಾತಾಡಿದರು. 'ಅಜ್ಜಿ, ನಿಮಗ ಎಷ್ಟನೇ ವಯಸ್ಸಿಗೆ ಮದುವಿ ಮಾಡಿದ್ರು, ಮೊದಲನೇ ಹೆರಿಗಿ ಹ್ಯಾಂಗಾತು, ಒಂದೀಟು ಹೇಳ್ರಿ' ಎಂದರಂತೆ. ಅಜ್ಜಿ ಅಳುತ್ತಾ ಹೇಳತೊಡಗಿದಳು, ಮನೆಯವರೆಲ್ಲ ಕೇಳಿದರು. ಬೆಳಗಾಗುವ ಮೊದಲು ಹುಡುಗಿ ಹಾಸ್ಟೆಲಿಗೆ ವಾಪಸಾಗಿದ್ದಳು. ಆ ಜೀಪಿನ ಬಾಡಿಗೆಯನ್ನು ಯಾವ ಬಾಬ್ತಿನಲ್ಲೂ ಒಪ್ಪಲಾಗದೆಂದು ಹಣ ಕೊಟ್ಟವರ ಆಡಿಟರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ವಾರ್ಡನ್ನಮ್ಮ ಅದನ್ನು ತಮ್ಮ ಸಂಬಳದಿಂದ ತುಂಬಿದರು.

ಅದೇ ಪುಸ್ತಕದಲ್ಲಿ ಏಪ್ರಿಲ್, ಮೇ ಪುಟಗಳು ಖಾಲಿ. ಅನುದಾನ ಹತ್ತು ತಿಂಗಳಿಗೆ ಮಾತ್ರ. ರಜೆಯಲ್ಲಿ ಮಕ್ಕಳು ಮನೆಗೆ ಹೋಗುತ್ತಾರೆ, ಖರ್ಚೇಕೆ ಎಂಬ ಲೆಕ್ಕ. ಹಳ್ಳಿಯಲ್ಲಿ ಬೆಳೆದ ಯಾರನ್ನು ಬೇಕಾದರೂ ಕೇಳಿ, ಬಸವ ಜಯಂತಿ, ಅಕ್ಷಯ ತೃತೀಯಾ, ಸಾಮೂಹಿಕ ವಿವಾಹ, ಎಲ್ಲವೂ ಆ ಎರಡು ತಿಂಗಳಲ್ಲೇ. ಹುಡುಗಿಗೆ ಅತ್ಯಂತ ಅಪಾಯದ ಕಾಲದಲ್ಲಿ ನಮ್ಮ ಬಾಗಿಲಿಗೆ ಬೀಗ. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂಬ ತಿದ್ದುಪಡಿಯನ್ನು ಕರ್ನಾಟಕ ತಂದಿದೆ. ಆದರೂ ರಾಜ್ಯದ 20ರಿಂದ 24 ವರ್ಷದ ಮಹಿಳೆಯರಲ್ಲಿ ಹದಿನೆಂಟಕ್ಕೆ ಮುಂಚೆ ಮದುವೆಯಾದವರು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇಕಡಾ 21.4 ಇದ್ದರು, 2019-21ರ ಸಮೀಕ್ಷೆಯಲ್ಲಿ 21.3. ಕಾನೂನು ಕಾಗದದಲ್ಲಿ ಗಟ್ಟಿಯಾದರೆ ಸಾಲದು. ರಾತ್ರಿ ಎಂಟಕ್ಕೆ ಫೋನ್ ಎತ್ತುವವರು ಇರಬೇಕು, ಅವರು ಮುಂದಿನ ವರ್ಷವೂ ಅಲ್ಲೇ ಇರಬೇಕು.

ಇಂಥವರು ನಿಲ್ಲುವುದು ಹೇಗೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ದೇವದಾಸಿ ಪದ್ಧತಿಯ ವಿರುದ್ಧ 1982ರಲ್ಲೇ ಕಾಯ್ದೆ ಬಂತು, ಆದರೆ ದೇವರ ಹೆಸರಿನಲ್ಲಿ ಹುಡುಗಿಯರಿಗೆ ಮುತ್ತು ಕಟ್ಟುವುದು ಗುಟ್ಟಾಗಿ ನಡೆದೇ ಇತ್ತು. ತೊಂಬತ್ತರ ದಶಕದಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಮೈರಾಡ ಸಂಸ್ಥೆ, ಮಹಿಳಾ ಅಭಿವೃದ್ಧಿ ನಿಗಮದೊಂದಿಗೆ ಈ ಕೆಲಸಕ್ಕಿಳಿಯಿತು. ಹೊರಗಿನವರೇ ಕೊನೆಯವರೆಗೆ ನಡೆಸದೆ, ಹಿಂದೆ ದೇವದಾಸಿಯರಾಗಿದ್ದವರದೇ ಸಂಸ್ಥೆ ಕಟ್ಟಿಸಿದರು. ಘಟಪ್ರಭೆಯ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನರ ಬಾಯಲ್ಲಿ 'ಮಾಸ್', 1997ರಲ್ಲಿ ಹುಟ್ಟಿದ್ದು ಹೀಗೆ. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಅದರ ಮುಂದಾಳಾದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಯಾವ ಮನೆಯಲ್ಲಿ ಯಾವ ಹುಡುಗಿಗೆ ಮುತ್ತು ಕಟ್ಟುವ ಮಾತು ನಡೆದಿದೆ ಎಂಬುದು ಅದನ್ನು ಅನುಭವಿಸಿದವಳ ಕಿವಿಗೆ ಮೊದಲು ಬೀಳುತ್ತದೆ, ಆ ತಾಯಿಯ ಹತ್ತಿರ ಹೋಗಿ ಮಾತಾಡುವ ಅಧಿಕಾರವೂ ಅವಳಿಗೇ ಇರುತ್ತದೆ. ಆ ಅಧಿಕಾರ ಹಣ ಕೊಟ್ಟರೆ ಬರುವಂಥದ್ದಲ್ಲ. ಅದು ಇರುವವರು ಹೊಟ್ಟೆಪಾಡಿಗೆ ಬೇರೆ ಕೂಲಿ ಹುಡುಕದಂತೆ ನೋಡಿಕೊಳ್ಳುವುದಷ್ಟೇ ಹಣದ ಕೆಲಸ. ಮಹಿಳಾ ಸಮಖ್ಯಾ ಎಂಬ ಯೋಜನೆ ಕರ್ನಾಟಕದಲ್ಲಿ 1989ರಿಂದ ಕಾಲು ಶತಮಾನ ನಡೆಯಿತು, ಹಳ್ಳಿಯ ಸಂಘಗಳಲ್ಲಿ ಎಷ್ಟೋ ಅಕ್ಕಂದಿರನ್ನು ಬೆಳೆಸಿತು. ಕೇಂದ್ರದ ನೆರವು ನಿಂತ ಮೇಲೆ ಅಂಥ ಎಷ್ಟೋ ಅನುಭವಿಗಳು ಬೇರೆ ಕೆಲಸ ಹುಡುಕಿಕೊಂಡರು. ಅದು ನಮ್ಮ ರಾಜ್ಯಕ್ಕಾದ ದೊಡ್ಡ ನಷ್ಟ.

ಇಂದಿನ ನಿಯಮಗಳ ಮಾತನ್ನೂ ಆಡಬೇಕು. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಅದರಿಂದ ಶಾಲೆಗಳಿಗೆ ಶೌಚಾಲಯ, ಪ್ರಯೋಗಾಲಯ ಬಂದಿವೆ, ಸಂತೋಷ. ಆದರೆ ಮುಂದುವರಿಯುವ ಯೋಜನೆ ಎಂದು ಒಪ್ಪಿಕೊಂಡರೂ ಶುರುವಾದ ವರ್ಷ ಬಿಟ್ಟು ಇನ್ನು ಮೂರು ವರ್ಷ ಮಾತ್ರ. ಹುಡುಗಿಗೆ ಎಂಟು ವರ್ಷ, ಯೋಜನೆಗೆ ನಾಲ್ಕು. ಏಳನೇ ತರಗತಿಯವಳು ಹತ್ತು ಮುಗಿಸುವ ಹೊತ್ತಿಗೆ ಹಣದ ಗಡುವೂ ಮುಗಿಯುತ್ತದೆ, ಮನೆಯಲ್ಲಿ ಮದುವೆಯ ಮಾತೂ ಏಳುತ್ತದೆ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು 2020ರಲ್ಲಿ ಶೇಕಡಾ 50ರಿಂದ 20ಕ್ಕೆ ಇಳಿಸಿದರು, ಪಡೆದ ಸಂಸ್ಥೆ ಅದನ್ನು ಇನ್ನೊಂದಕ್ಕೆ ಹಂಚುವುದನ್ನೂ ನಿಲ್ಲಿಸಿದರು. ದುರುಪಯೋಗ ತಡೆಯುವುದು ಸರಿಯೇ. ಆದರೆ ದೊಡ್ಡ ಸಂಸ್ಥೆಯ ಮೂಲಕ ನಾಲ್ಕಾಸು ಪಡೆಯುತ್ತಿದ್ದ ತಾಲ್ಲೂಕಿನ ಪುಟ್ಟ ಸಂಸ್ಥೆಗೆ ಆ ದಾರಿ ಮುಚ್ಚಿತು. ಲೆಕ್ಕ ಬರೆಯುವವಳಿಗೂ ಮುಖ್ಯಸ್ಥೆಗೂ ಸಂಬಳ ಕೊಡುವುದು ವ್ಯರ್ಥ ಖರ್ಚು ಎಂಬ ಭಾವನೆ ಮಾತ್ರ ಕಾನೂನಿಗಿಂತ ನಮ್ಮ ಮನಸ್ಸಿನಲ್ಲೇ ಹೆಚ್ಚು. ಕಟ್ಟಡಕ್ಕೆ ಕೊಟ್ಟರೆ ಗೋಡೆಯ ಮೇಲೆ ಹೆಸರು ಬರುತ್ತದೆ, ಸಂಬಳಕ್ಕೆ ಕೊಟ್ಟರೆ ಬರುವುದಿಲ್ಲ. ಹೆಸರಿನ ಆಸೆಯನ್ನು ನಾನು ಹಳಿಯುತ್ತಿಲ್ಲ. ವಿಠಲದಾಸ ಠಾಕರಸೀ ತಾಯಿಯ ಹೆಸರಿಗಾಗಿ 15 ಲಕ್ಷ ಕೊಟ್ಟದ್ದರಿಂದಲೇ ಕರ್ವೆಯವರ ವಿಶ್ವವಿದ್ಯಾಲಯ ಬೇರೂರಿತು. ವಾರ್ಡನ್ನಿನ ಹುದ್ದೆಗೂ ಒಬ್ಬ ತಾಯಿಯ ಹೆಸರಿಡಬಹುದಲ್ಲ?

ದಾರಿ ನಮ್ಮ ಕೈಯಲ್ಲೇ ಇದೆ. ಈ ಉಪನ್ಯಾಸ ನಡೆಯುತ್ತಿರುವುದೇ ದತ್ತಿಯ ಮೂಲಧನ ಮುಟ್ಟದೆ, ಬರುವ ಬಡ್ಡಿಯಲ್ಲಿ. ದಾನಿಗಳು ತೀರಿಕೊಂಡರೂ ವರ್ಷ ತಪ್ಪದೆ ಸಭೆ ಸೇರುತ್ತದೆ. ನಮ್ಮ ಪರಿಷತ್ತುಗಳಲ್ಲಿ, ಸಂಘಗಳಲ್ಲಿ ಇಂಥ ದತ್ತಿಗಳು ನೂರಾರಿವೆ. ಬಹುಪಾಲು ಭಾಷಣಕ್ಕೆ, ಬಹುಮಾನಕ್ಕೆ. ಇದೇ ಪದ್ಧತಿಯಲ್ಲಿ ಹುಡುಗಿಯರ ಹಾಸ್ಟೆಲಿನ ಒಂದು ಹುದ್ದೆಗೆ ದತ್ತಿ ಇಡೋಣ ಎಂಬುದು ನನ್ನ ಕೋರಿಕೆ. ತಿಂಗಳಿಗೆ 15,000 ಸಂಬಳವೆಂದರೆ ವರ್ಷಕ್ಕೆ 1,80,000. ಶೇಕಡಾ 7ರ ಬಡ್ಡಿಯಲ್ಲಿ ಅದಕ್ಕೆ ಸುಮಾರು 26 ಲಕ್ಷ ಮೂಲಧನ ಬೇಕು. ಬೆಲೆ ಏರಿದಂತೆ ಸಂಬಳವೂ ಏರಬೇಕಾದ್ದರಿಂದ 35 ಲಕ್ಷ ಎಂದಿಟ್ಟುಕೊಳ್ಳಿ. 350 ಜನ ತಲಾ 10,000 ಕೊಟ್ಟರೆ ಆಯಿತು. ಒಂದೇ ಸಲ ಆಗದವರು ವರ್ಷಕ್ಕೆ ಸಾವಿರದಂತೆ ಹತ್ತು ವರ್ಷ ಕೊಡಲಿ, ಬಾಸ್ಟನ್ನಿನವರು ಕೊಟ್ಟ ಹಾಗೆ. ಷರತ್ತು ಮೂರೇ ಇರಲಿ: ಹಣ ಏಪ್ರಿಲ್, ಮೇ ಸೇರಿ ಹನ್ನೆರಡು ತಿಂಗಳಿಗೆ ಸಲ್ಲಬೇಕು, ಅದರಲ್ಲಿ ಒಂದು ಪಾಲು ಜೀಪಿನ ಬಾಡಿಗೆಯಂಥ ತುರ್ತಿಗೆ ಮೀಸಲಿರಬೇಕು, ವರ್ಷಕ್ಕೊಮ್ಮೆ ಲೆಕ್ಕವನ್ನು ಕೊಟ್ಟವರ ಮುಂದೆ ಓದಬೇಕು. ನನಗೆ ಸಲ್ಲುವ ಈ ಉಪನ್ಯಾಸದ ಸಂಭಾವನೆಯನ್ನು ಮೊದಲ ಕಂತಾಗಿ ಖಜಾಂಚಿಯವರ ಕೈಗೆ ಕೊಟ್ಟಿದ್ದೇನೆ. ಸಭೆ ಮುಗಿದ ಮೇಲೆ ಅವರು ಹೊರಗೆ ಮೇಜಿನ ಬಳಿ ರಸೀದಿ ಪುಸ್ತಕದೊಂದಿಗೆ ಕೂತಿರುತ್ತಾರೆ.