ಅನುಭವದ ಪತ್ರವೂ ಒಂದು ಸಾಕ್ಷಿ
(ಜುಮಾ ಖುತ್ಬಾದ ಸಾರಾಂಶ)





ಕಳೆದ ವಾರ ಮಗ್ರಿಬ್ ನಮಾಝ್ ಮುಗಿದ ಮೇಲೆ ನಿಪ್ಪಾಣಿಯ ಒಬ್ಬ ತಂದೆ ನಮ್ಮ ಬಳಿ ಬಂದು ಕುಳಿತರು. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಈ ವಿಷಯವನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ. ತಾಯಿ ಬೀಡಿ ಕಟ್ಟಿ, ತಂದೆ ತಂಬಾಕಿನ ವಖಾರದಲ್ಲಿ ದುಡಿದು ಮಗಳಿಗೆ ಜಿಎನ್‌ಎಂ ನರ್ಸಿಂಗ್ ಓದಿಸಿದ್ದಾರೆ. ಪಾಸಾಗಿ ಎರಡು ವರ್ಷವಾದರೂ ನೌಕರಿ ಇಲ್ಲ. ಈಗ ಒಬ್ಬ ಏಜೆಂಟ್ ಸಿಕ್ಕಿದ್ದಾನೆ. ಸೌದಿಗೆ ಕಳಿಸುತ್ತೇನೆ, ಆದರೆ ಎರಡು ವರ್ಷದ ಅನುಭವ ಬೇಕು, ಆ ಪತ್ರವನ್ನೂ ನಾನೇ ಮಾಡಿಸಿಕೊಡುತ್ತೇನೆ, ಅದರ ಹಣ ಬೇರೆ ಎಂದಿದ್ದಾನೆ. ಆ ತಂದೆ ಕೇಳಿದ್ದು ಇಷ್ಟೇ: "ಹಝ್ರತ್, ಓದಿದ್ದು ಖರೆ, ಪಾಸಾಗಿದ್ದೂ ಖರೆ. ಇದೊಂದು ಕಾಗದ ಅಷ್ಟೇ ಸುಳ್ಳು. ನಡೀತದೇನು?"

ನಡೆಯುವುದಿಲ್ಲ ಎಂದೆವು. ಅವರು ತಲೆ ತಗ್ಗಿಸಿ ಎದ್ದು ಹೋದರು. ಅವರು ಮೆಟ್ಟಿಲಿಳಿದ ಮೇಲೆ ನಮಗೆ ನೆನಪಾಯಿತು. ಎರಡು ವರ್ಷದ ಹಿಂದೆ ಇದೇ ಮನುಷ್ಯ ಇದೇ ಜಾಗದಲ್ಲಿ ಕುಳಿತು ಇನ್ನೊಂದು ಪ್ರಶ್ನೆ ಕೇಳಿದ್ದರು. ಕೊಲ್ಹಾಪುರದ ಆಸ್ಪತ್ರೆಯೊಂದರಲ್ಲಿ ಮಗಳಿಗೆ ಕೆಲಸ ಸಿಕ್ಕಿದೆ, ರಾತ್ರಿ ಪಾಳಿಯೂ ಇದೆ, ಕಳಿಸಲೇ ಎಂದು. ಆಸ್ಪತ್ರೆ ಎಂಥದು, ಇರಲು ಎಲ್ಲಿ ಜಾಗ ಕೊಡುತ್ತಾರೆ, ಜೊತೆಗೆ ಬೇರೆ ಹೆಣ್ಣುಮಕ್ಕಳು ಇದ್ದಾರೆಯೇ, ಒಂದನ್ನೂ ನಾವು ವಿಚಾರಿಸಲಿಲ್ಲ. "ಹೆಣ್ಣುಮಗಳು, ರಾತ್ರಿ ಕೆಲಸ ಬೇಡ" ಎಂದುಬಿಟ್ಟೆವು. ಏಜೆಂಟ್ ಹಣಕ್ಕೆ ಮಾರಲು ಹೊರಟಿರುವ ಆ ಎರಡು ವರ್ಷ ನಮ್ಮ ಆ ಒಂದು ಮಾತಿನಿಂದ ಹೋದ ವರ್ಷಗಳು. ಮಿಂಬರಿನ ಮೇಲೆ ನಿಂತು ಇದನ್ನು ಹೇಳುವುದು ನಮಗೆ ಕಷ್ಟ. ಆದರೆ ಸಲಹೆ ಹೋದದ್ದು ಈ ಮಸೀದಿಯಿಂದ, ಹಿಂದಕ್ಕೆ ಪಡೆಯಬೇಕಾದದ್ದೂ ಇಲ್ಲಿಯೇ.

ಮೊದಲು ಆ ಕಾಗದದ ಮಾತು. ಅನುಭವದ ಪತ್ರ ಎಂದರೆ ಸಾಕ್ಷಿ. ಈ ಹುಡುಗಿ ಇಷ್ಟು ದಿನ ರೋಗಿಗಳಿಗೆ ಸೂಜಿ ಚುಚ್ಚಿದ್ದಾಳೆ, ಸಲೈನ್ ಏರಿಸಿದ್ದಾಳೆ, ಔಷಧಿಯ ಪ್ರಮಾಣ ಲೆಕ್ಕ ಹಾಕಿದ್ದಾಳೆ ಎಂದು ಯಾರೋ ಸಹಿ ಹಾಕಿ ಹೇಳುವ ಸಾಕ್ಷಿ. ಪ್ರವಾದಿ(ಸ) ದೊಡ್ಡ ಪಾಪಗಳನ್ನು ಹೇಳುವಾಗ ಒರಗಿ ಕುಳಿತಿದ್ದರು. ಸುಳ್ಳು ಸಾಕ್ಷಿಯ ವಿಷಯ ಬಂದಾಗ ನೆಟ್ಟಗೆ ಕುಳಿತು, ಸಹಾಬಿಗಳು ಇನ್ನು ನಿಲ್ಲಿಸಿದರೆ ಸಾಕೆನ್ನುವಷ್ಟು ಸಲ ಅದನ್ನೇ ಹೇಳಿದರು ಎಂದು ಬುಖಾರಿಯಲ್ಲಿದೆ. ಆ ಕಾಗದವನ್ನು ನಂಬಿ ಐಸಿಯುದಲ್ಲಿ ಮಲಗಿರುವ ರೋಗಿ ಯಾರ ಅಬ್ಬಾ, ಯಾರ ಅಮ್ಮೀ ಎಂದು ಯೋಚಿಸಿ. ಇನ್ನು, ಸಿಕ್ಕಿಬೀಳುವುದಿಲ್ಲ ಎಂಬ ಧೈರ್ಯವೂ ಹುಸಿ. ಕೊಲ್ಲಿ ದೇಶಗಳವರು ಡೇಟಾಫ್ಲೋ ಮೂಲಕ ಪತ್ರ ಕೊಟ್ಟ ಆಸ್ಪತ್ರೆಯನ್ನೇ ನೇರವಾಗಿ ವಿಚಾರಿಸುತ್ತಾರೆ. ಸುಳ್ಳೆಂದು ತಿಳಿದರೆ ಹುಡುಗಿಯ ಹೆಸರು ಕೆಡುತ್ತದೆ, ಏಜೆಂಟನದಲ್ಲ. ಏಜೆಂಟರ ಬಗ್ಗೆ ಇನ್ನೊಂದು ಮಾತು: 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಾಯಿತ ಏಜೆಂಟ್ ಮಾತ್ರ ವಿದೇಶಕ್ಕೆ ಕೆಲಸಕ್ಕೆ ಕಳಿಸಬಹುದು. ಅವನು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಅವನ ಹೆಸರಿದೆಯೇ ನೋಡಿ, ಆಮೇಲೆ ಮಾತನಾಡಿ.

ಈಗ ರಾತ್ರಿ ಪಾಳಿ. ಖಂದಕ್ ಯುದ್ಧದಲ್ಲಿ ಹಝ್ರತ್ ಸಅದ್ ಬಿನ್ ಮುಆದ್(ರ) ಅವರ ತೋಳಿಗೆ ಬಾಣ ತಗುಲಿತು. ಪ್ರವಾದಿ(ಸ) ಅವರನ್ನು ಮಸೀದಿಯ ಗುಡಾರದಲ್ಲಿ ಇರಿಸಿದರು. ಆ ಗುಡಾರದಲ್ಲಿ ಗಾಯಾಳುಗಳ ಆರೈಕೆ ಮಾಡುತ್ತಿದ್ದವರು ಹಝ್ರತ್ ರುಫೈದಾ(ರ), ಒಬ್ಬ ಹೆಣ್ಣುಮಗಳು. ಹಝ್ರತ್ ಉಮ್ಮು ಅತಿಯ್ಯಾ(ರ) ಏಳು ದಂಡಯಾತ್ರೆಗಳಲ್ಲಿ ಜೊತೆಗೆ ಹೋಗಿ ಗಾಯಾಳುಗಳನ್ನು, ರೋಗಿಗಳನ್ನು ನೋಡಿಕೊಂಡರು. ಗಾಯಕ್ಕೆ ಹಗಲು ರಾತ್ರಿ ಎಂಬುದಿಲ್ಲ. ನಾವೇ ನಮ್ಮ ಮನೆಯ ಹೆಂಗಸರನ್ನು ಹೆರಿಗೆಗೆ ಕರೆದುಕೊಂಡು ಹೋದಾಗ ನಡುರಾತ್ರಿ ಎರಡು ಗಂಟೆಗೆ ಮೊದಲು ಕೇಳುವುದು, ಒಳಗೆ ಹೆಣ್ಣು ನರ್ಸ್ ಇದ್ದಾರೋ ಇಲ್ಲವೋ ಎಂದು. ಆ ನರ್ಸ್ ಬೇರೆಯವರ ಮಗಳೇ ಆಗಿರಬೇಕೆಂದರೆ ಅದು ಯಾವ ನ್ಯಾಯ? ತಂದೆಯ ಅಂಜಿಕೆ ಸುಳ್ಳಲ್ಲ, ಅದನ್ನು ಹಗುರ ಮಾಡುವುದೂ ಸರಿಯಲ್ಲ. ಆ ಅಂಜಿಕೆಗೆ ಉತ್ತರವೆಂದರೆ ಹೋಗಿ ಕಣ್ಣಾರೆ ನೋಡುವುದು. ಹಾಸ್ಟೆಲಿಗೆ ಕಾವಲುಗಾರ ಇದ್ದಾನೆಯೇ, ಪಾಳಿಯಲ್ಲಿ ಎಷ್ಟು ಜನ ನರ್ಸ್‌ಗಳಿರುತ್ತಾರೆ, ಪಾಳಿ ಮುಗಿದ ಮೇಲೆ ಹೇಗೆ ಬರುತ್ತಾರೆ. ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಇಂಥದನ್ನು ತಾಯಂದಿರು ನಮಗಿಂತ ಚೆನ್ನಾಗಿ ನೋಡುತ್ತಾರೆ.

ನಮ್ಮ ಭಾಗದವರಿಗೆ ಒಂದು ತೊಡಕು ಹೆಚ್ಚು. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಕಾಗವಾಡ, ಅಥಣಿಯವರಿಗೆ ಮಿರಜ ಹತ್ತಿರ, ರಾಯಬಾಗ, ಕುಡಚಿಯವರಿಗೆ ಅಲ್ಲಿಗೆ ರೈಲೂ ಇದೆ. 1894ರಲ್ಲಿ ಡಾಕ್ಟರ್ ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆ ಆರಂಭಿಸಿದಂದಿನಿಂದ ಅದು ಆಸ್ಪತ್ರೆಗಳ ಊರಾಗಿ ಬೆಳೆದಿದೆ. ಆದರೆ ಕಾನೂನಿಗೆ ಅದು ಬೇರೆ ರಾಜ್ಯ. ಪಾಸಾದ ಕೂಡಲೇ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು. ಗಡಿಯಾಚೆ ಕೆಲಸ ಮಾಡುವುದಾದರೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನ ನೋಂದಣಿಯೂ ಬೇಕು. ಫಲಿತಾಂಶ ಬಂದ ಖುಷಿಯಲ್ಲಿ ಮಿಠಾಯಿ ಹಂಚಿ, ಈ ಕಾಗದವನ್ನು ಆರು ತಿಂಗಳು ಮುಂದೂಡುವ ಮನೆಗಳನ್ನು ನಾವು ಕಂಡಿದ್ದೇವೆ.

ನಮ್ಮಲ್ಲಿ ಆಸ್ಪತ್ರೆ ನಡೆಸುವ ಡಾಕ್ಟರ್ ಸಾಹೇಬರೂ ಇದ್ದಾರೆ, ಇಂದು ಸಫ್‌ನಲ್ಲಿ ಕುಳಿತವರೂ ಇರಬಹುದು. ಮದ್ಯನ್‌ನಲ್ಲಿ ಹಝ್ರತ್ ಮೂಸಾ(ಅ) ಅವರನ್ನು ಕೆಲಸಕ್ಕೆ ಇಟ್ಟುಕೊಂಡ ಹಿರಿಯರು ಎಂಟು ವರ್ಷ ಎಂದು ಮೊದಲೇ ಸ್ಪಷ್ಟ ಮಾತಾಡಿದರು, ನಿನಗೆ ತೊಂದರೆ ಕೊಡುವ ಇಚ್ಛೆ ನನಗಿಲ್ಲ ಎಂಬರ್ಥದ ಭರವಸೆಯನ್ನೂ ಕೊಟ್ಟರು. ಇಂದು ಹೊಸ ನರ್ಸ್ ಬಂದರೆ ಮೂಲ ಅಂಕಪಟ್ಟಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಪದ್ಧತಿ ಇದೆ, ನಡುವೆ ಬಿಟ್ಟು ಹೋಗಬಾರದೆಂದು. ಆ ಕಾಗದ ಅವಳ ಅಮಾನತ್ತು. ಸಂಬಳದ ವಿಷಯದಲ್ಲಿ, 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಕೇಂದ್ರ ಸರಕಾರ ನೇಮಿಸಿದ ಸಮಿತಿ, 50 ಹಾಸಿಗೆಗಿಂತ ಕಡಿಮೆ ಇರುವ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತ್ತು. ಅದರ ಅರ್ಧವೂ ಕೊಡದೆ "ಕಲಿಯಲು ಬಂದಿದ್ದಾಳೆ" ಎನ್ನುವವರು, ಬಿಲ್ಲಿನಲ್ಲಿ ರೋಗಿಯಿಂದ ನರ್ಸಿಂಗ್ ಶುಲ್ಕವನ್ನು ಪೂರ್ತಿ ಪಡೆಯುತ್ತಾರೆ. ಇದರ ಲೆಕ್ಕ ಅವರೇ ಕೊಡಬೇಕು.

ನಾವು ಭಾನುವಾರ ಆ ತಂದೆಯ ಮನೆಗೆ ಹೋಗಿ, ನಮ್ಮ ಸಲಹೆ ತಪ್ಪಾಗಿತ್ತು ಎಂದು ಹೇಳಿ ಬಂದೆವು. ಹುಡುಗಿ ಪರದೆಯ ಆಚೆಯಿಂದ ಕೇಳಿದಳು: "ಎರಡು ವರ್ಷ ಏನು ಮಾಡಿದೆ ಅಂತ ಇಂಟರ್‌ವ್ಯೂದಲ್ಲಿ ಕೇಳಿದರೆ ಏನು ಹೇಳಲಿ?" ಮನೆಯಲ್ಲಿದ್ದೆ, ಅಮ್ಮೀ ಜೊತೆ ಬೀಡಿ ಕಟ್ಟಿದೆ ಎಂದೇ ಹೇಳು ಬೇಟಿ ಎಂದೆವು. ಅದಕ್ಕೆ ಎಷ್ಟು ಆಸ್ಪತ್ರೆಗಳು ಬಾಗಿಲು ಮುಚ್ಚುತ್ತವೋ ಅಲ್ಲಾಹನೇ ಬಲ್ಲ. ಅವಳ ಹಾಗೆ ಪಾಸಾಗಿ ಮನೆಯಲ್ಲಿ ಕುಳಿತ ಇನ್ನೂ ಮೂವರು ಹುಡುಗಿಯರು ಇದೇ ಜಮಾಅತ್‌ನಲ್ಲಿದ್ದಾರೆ. ಕೊಲ್ಹಾಪುರ, ಮಿರಜ, ಬೆಳಗಾವಿಯ ಆಸ್ಪತ್ರೆಗಳಲ್ಲಿ ಪರಿಚಯ ಇರುವವರು, ಅಲ್ಲಿ ಹೆಣ್ಣುಮಕ್ಕಳು ಉಳಿಯಲು ನಂಬಿಕಸ್ತ ಮನೆ ಗೊತ್ತಿರುವವರು ಇಂದು ನಮಾಝ್ ಆದ ಮೇಲೆ ಮುತವಲ್ಲಿ ಸಾಹೇಬರ ಬಳಿ ಹೆಸರು ಬರೆಸಿ ಹೋಗಿ. ನೋಂದಣಿಯ ಶುಲ್ಕ ಕಟ್ಟಲಾಗದವರಿಗೆ ಬೈತುಲ್ ಮಾಲ್‌ನಿಂದ ಕೊಡಲು ಕಮಿಟಿ ಒಪ್ಪಿದೆ. ಅರ್ಜಿ ಫಾರ್ಮ್ ತುಂಬಲು ಬರುವ ಹುಡುಗರು ಇಶಾ ನಂತರ ಮದ್ರಸಾದ ಕೋಣೆಗೆ ಬನ್ನಿ, ನಾವು ಅಲ್ಲಿರುತ್ತೇವೆ.